ಅಳುವ ಕೂಸನ್ನು ಸಾಕಿದವರಿಗೆ

ನದಿ ಬತ್ತಿದ ಶಕೆ ನಾನೂರ ಹನ್ನೆರಡು, ಮೂರನೆಯ ಬಿಸಿಲುಗಾಲದ ಕೊನೆ. ಕೃಷ್ಣೆಯ ಒಣಪಾತ್ರದ ಉತ್ತರ ದಂಡೆ, ನಮ್ಮ ದಂಡು ಇಳಿದ ಜಾಗ.

ನೀರಿದ್ದ ಕಾಲದ ಹಿರಿಯರಿಗೆ ಭರಮವ್ವನ ನಮಸ್ಕಾರ.

ಈ ತಾರೀಖು ನಿಮ್ಮ ಲೆಕ್ಕಕ್ಕೆ ಸಿಗುವುದಿಲ್ಲ, ಗೊತ್ತು. ನಾನು ಬಳಸುವ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕಾಣಬಹುದು. ಆ ವಸ್ತುಗಳೇ ನಿಮ್ಮ ಕಾಲದಲ್ಲಿ ಇರಲಿಲ್ಲ, ಮಾತೆಲ್ಲಿಂದ ಬರಬೇಕು? ಅಲ್ಲಲ್ಲಿ ಬಿಡಿಸಿ ಹೇಳುತ್ತಾ ಹೋಗುತ್ತೇನೆ. ನಾನು ಕವಣೆ ಬೀಸಿ ಬೀಸಿ ಮುದುಕಿಯಾದವಳು, ನಯವಾಗಿ ಬರೆಯಲು ಬರುವುದಿಲ್ಲ. ಎಲ್ಲಾದರೂ ಒರಟಾದರೆ, ಮರಿಮಕ್ಕಳ ಮರಿಮಕ್ಕಳು ಎಂದುಕೊಂಡು ಹೊಟ್ಟೆಗೆ ಹಾಕಿಕೊಳ್ಳಿ.

ಇದು ನಿಮಗೆ ಹೇಗೆ ಮುಟ್ಟುತ್ತದೆ ಎಂದು ಕೇಳುವಿರಿ. ನಾವು ಬಾವಿ ತೋಡುವಾಗ ಮೊದಲು ನಮ್ಮ ಅಜ್ಜಂದಿರ ಮಡಕೆಚೂರು ಸಿಗುತ್ತದೆ, ಇನ್ನೂ ಕೆಳಗೆ ಅವರ ಅಜ್ಜಂದಿರದು, ತೀರಾ ಆಳದಲ್ಲಿ ನಿಮ್ಮ ಬಳೆಗಳು, ನಿಮ್ಮ ಬಾಟಲಿಗಳು. ಎಷ್ಟು ಆಳವೋ ಅಷ್ಟು ಹಳಬರು. ಹಾಗಾಗಿ ಹಿರಿಯರನ್ನು ಏನಾದರೂ ಕೇಳಬೇಕಾದರೆ ಉಡದ ಚರ್ಮದ ಮೇಲೆ ಬರೆದು, ಕಲ್ಲು ಕಟ್ಟಿ, ಬತ್ತಿದ ಬಾವಿಗಳಲ್ಲೆಲ್ಲ ಆಳವಾದದ್ದಕ್ಕೆ ಹಾಕುವುದು ನಮ್ಮ ರೂಢಿ. ನಗಬೇಡಿ. ನೀವು ನೀರಿನೊಳಗೆ ಕುಳಿತು ಮೈ ತೊಳೆಯುತ್ತಿದ್ದಿರಂತೆ, ಆ ನೀರನ್ನು ಹಾಗೇ ಹರಿಯಲು ಬಿಡುತ್ತಿದ್ದಿರಂತೆ. ಅದಕ್ಕಿಂತ ಇದೇನೂ ಹುಚ್ಚಲ್ಲ.

ವಿಷಯ ಇಷ್ಟು. ನನ್ನ ಮಗಳು ಸಾವಕ್ಕನಿಗೆ ನಿಮ್ಮಂಥ ಕೂಸು ಹುಟ್ಟಿದೆ. ಅದನ್ನು ಸಾಕುವುದು ಹೇಗೆಂದು ನಮಗೆ ಯಾರಿಗೂ ಗೊತ್ತಿಲ್ಲ. ದಂಡು ಇಲ್ಲಿಂದ ಏಳುವುದರೊಳಗೆ ತಿಳಿಯದಿದ್ದರೆ ಅದನ್ನು ಬಾವಿಯ ಕಟ್ಟೆಯ ಮೇಲೆ ಬಿಟ್ಟು ಹೋಗಬೇಕಾಗುತ್ತದೆ.

ನಿಮ್ಮಂಥದು ಎಂದರೆ ಏನೆಂದು ತಿಳಿಯಬೇಕಾದರೆ ನಾವೆಂಥವರು ಎಂದು ಮೊದಲು ಹೇಳಬೇಕು. ನಮ್ಮನ್ನು ಮಳಲಿಗರು ಎನ್ನುತ್ತಾರೆ. ದೂರದ ಊರುಗಳಿಗೆ ನೀರು ಒಯ್ಯುತ್ತಿದ್ದ ದೊಡ್ಡ ಕೊಳವೆಯೊಂದು ಈ ಬಯಲಿನ ಮೇಲೆ ಹಾದುಹೋಗಿತ್ತಂತೆ. ಅದನ್ನು ಕಾಯಲು ಸಾಧಾರಣ ಸಿಪಾಯಿಗಳಿಂದ ಆಗಲಿಲ್ಲ. ಬಿಸಿಲಿಗೆ ಬಿದ್ದು ಸಾಯುತ್ತಿದ್ದರು. ಆಗ ಯಾರೋ ಬುದ್ಧಿವಂತರು ಗರ್ಭದಲ್ಲೇ ಮೈ ತಿದ್ದಿ ನಮ್ಮ ಮೂಲದವರನ್ನು ಮಾಡಿದರು. ಆಮೇಲೆ ಕೊಳವೆಯೂ ಬತ್ತಿತು, ಮಾಡಿದವರೂ ಎಲ್ಲಿಗೋ ಹೋದರು, ಹೋಗುವಾಗ ನಮಗೊಂದು ಮಾತು ಹೇಳಲಿಲ್ಲ. ಕಾವಲಿನವರು ಉಳಿದೆವು. ಕಾಯಲು ಬೇರೇನೂ ಇಲ್ಲದೆ ಬಾವಿಗಳನ್ನು ಕಾಯುತ್ತೇವೆ, ಬಾವಿಗಾಗಿ ಒಬ್ಬರ ಮೇಲೊಬ್ಬರು ಬೀಳುತ್ತೇವೆ.

ನಮ್ಮ ಸೊಂಟದ ಎರಡೂ ಬದಿಗೆ ಚರ್ಮದ ಕೆಳಗೆ ಒಂದೊಂದು ಮೆತ್ತನೆಯ ಚೀಲವಿದೆ. ಅದನ್ನು ಒಡಲಕೆರೆ ಎನ್ನುತ್ತೇವೆ. ಹೊಟ್ಟೆ ತುಂಬ ಒಂದು ಸಲ ಕುಡಿದರೆ ಅದು ಉಬ್ಬಿಕೊಳ್ಳುತ್ತದೆ, ಮುಂದಿನ ಬಾವಿ ಸಿಗುವವರೆಗೆ ಸಾಕಾಗುತ್ತದೆ. ತುಂಬಿದ ಒಡಲಕೆರೆಯ ಹೆಂಗಸು ನಡೆದುಬಂದರೆ ಗಂಡಸರು ಮಾತು ನಿಲ್ಲಿಸುತ್ತಾರೆ, ನಮ್ಮಲ್ಲಿ ಅದೇ ಚೆಲುವು. ಕಣ್ಣಿಗೆ ಒಳಗೊಂದು ತೆಳುವಾದ ರೆಪ್ಪೆ ಇದೆ, ಮರಳು ಎದ್ದಾಗ ಅದನ್ನು ಮುಚ್ಚಿಕೊಂಡೇ ನಡೆಯುತ್ತೇವೆ. ಬೇಕೆಂದಾಗ ಮೂಗಿನ ಹೊಳ್ಳೆ ಮುಚ್ಚುತ್ತವೆ. ನಾವು ಬೆವರುವುದಿಲ್ಲ. ಹಗಲೆಲ್ಲ ಮೈ ಕಾಯಲು ಬಿಡುತ್ತೇವೆ, ಹೊತ್ತು ಮುಳುಗಿದ ಮೇಲೆ ಆ ಕಾವು ಇಳಿಯುತ್ತದೆ. ಚಳಿಗೆ ಮಕ್ಕಳು ಮುದುಕರ ಬೆನ್ನಿಗೆ ಅಂಟಿಕೊಂಡು ಮಲಗುತ್ತವೆ, ದೊಡ್ಡ ಮೈಯಲ್ಲಿ ಕಾವು ಹೆಚ್ಚು ಹೊತ್ತು ನಿಲ್ಲುತ್ತದಲ್ಲ. ನನ್ನ ಬೆನ್ನಿಗೆ ಜಗಳವೇ ಆಗುತ್ತದೆ. ಜಾಲಿಕಾಯಿ ಹಿಟ್ಟಿನ ರೊಟ್ಟಿ, ಸುಟ್ಟ ಉಡ, ಇಷ್ಟರಲ್ಲೇ ನಮ್ಮ ಊಟ. ಇಷ್ಟೆಲ್ಲ ಇದ್ದೂ ನಮಗೆ ಇಲ್ಲದ್ದು ಇನ್ನೊಂದಿದೆ, ಕಣ್ಣೀರು. ಮೈಯ ನೀರನ್ನು ಕಣ್ಣಿನಿಂದ ಸುಮ್ಮನೆ ಚೆಲ್ಲುವುದು ಯಾವ ಸಿಪಾಯಿಗೆ ಬೇಕು ಎಂದು ಅದನ್ನು ತೆಗೆದುಹಾಕಿದರಂತೆ.

ಕಾಳಗದ ಜನರೆಂದ ಕೂಡಲೆ ರಕ್ತ ಕುಡಿಯುವವರು ಎಂದುಕೊಳ್ಳಬೇಡಿ. ನಮ್ಮ ಕಾಳಗದಲ್ಲಿ ಅಲಗು ಇಲ್ಲ. ರಕ್ತವೂ ನೀರೇ, ಅದನ್ನು ಮರಳಿಗೆ ಚೆಲ್ಲಿದವನನ್ನು ಅವನ ಸ್ವಂತ ದಂಡಿನವರೇ ಹತ್ತಿರ ಸೇರಿಸುವುದಿಲ್ಲ. ಮೂಳೆ ಮುರಿಯಬಹುದು, ಚರ್ಮ ಹರಿಯಬಾರದು. ಕವಣೆ ಮತ್ತು ದೊಣ್ಣೆ, ನೆತ್ತಿಯ ಮೇಲೆ ಸೂರ್ಯ ಬಂದ ಹೊತ್ತಿಗೆ ಶುರು, ನೆರಳು ಉದ್ದವಾಗುವ ಹೊತ್ತಿಗೆ ಮುಗಿಯಿತು. ಯಾರ ಕಡೆಯವರು ಬಿಸಿಲಿನಲ್ಲಿ ಕೊನೆಯವರೆಗೆ ನಿಂತರೋ ಬಾವಿ ಅವರದು. ಸೋತವರು ಕುಡಿಯದೆ ಮುಂದಕ್ಕೆ ನಡೆಯಬೇಕು, ಹಾಗೆ ನಡೆದವರೆಲ್ಲ ಮುಂದಿನ ಬಾವಿ ಮುಟ್ಟುತ್ತಾರೆ ಎಂದೇನಿಲ್ಲ. ಇದರಿಂದ ಪಾರಾಗಲು ಒಂದೇ ಒಂದು ದಾರಿ ಇದೆ. ಯಾರಾದರೂ ತನ್ನ ಒಡಲಕೆರೆಯ ನೀರನ್ನು ಬಾಯಿಗೆ ತಂದು ಎದುರಾಳಿಗೆ ಕುಡಿಸಿದರೆ ಅದಕ್ಕೆ ಗುಟುಕು ಕೊಡುವುದು ಎನ್ನುತ್ತೇವೆ, ಹಕ್ಕಿ ಮರಿಗೆ ಕೊಡುವಂತೆ. ಗುಟುಕು ಕುಡಿದವರು ನಂಟರು. ಆಮೇಲೆ ಇಬ್ಬರೂ ಸಾಯುವವರೆಗೆ ಒಬ್ಬರ ಮೇಲೊಬ್ಬರು ಕೈ ಎತ್ತುವಂತಿಲ್ಲ.

ಈಗ ಕೂಸಿನ ಸುದ್ದಿಗೆ ಬರುತ್ತೇನೆ. ಹೆಣ್ಣು ಕೂಸು. ಹೆಸರಿಲ್ಲ, ಒಂದು ಬಾವಿಯಿಂದ ಇನ್ನೊಂದಕ್ಕೆ ದಾಟಿದ ಮೇಲೆಯೇ ನಮ್ಮಲ್ಲಿ ಹೆಸರಿಡುವುದು. ಹುಟ್ಟಿದಾಗ ಯಾರಿಗೂ ಏನೂ ತಿಳಿಯಲಿಲ್ಲ. ಒಡಲಕೆರೆ ಕೆಲವರಿಗೆ ತಡವಾಗಿ ಮೂಡುತ್ತದೆ ಎಂದರು. ಆದರೆ ಇದಕ್ಕೆ ಮೂಡಲೇ ಇಲ್ಲ. ನಮ್ಮ ತಾಯಂದಿರ ಹಾಲು ಗಟ್ಟಿ ಮೊಸರಿನ ಹಾಗೆ, ದಿನಕ್ಕೊಮ್ಮೆ ಕುಡಿಸಿದರೆ ಮುಗಿಯಿತು. ಇದಕ್ಕೆ ಘಳಿಗೆಗೊಮ್ಮೆ ಬೇಕು, ಅದೂ ತೆಳುವಾಗಿ ಬೇಕು. ಹಣೆಯ ಮೇಲೆ ಮೊದಲ ಸಲ ಬೆವರು ಕಂಡಾಗ ಸೂಲಗಿತ್ತಿ ಗಾಬರಿಯಿಂದ ಹಿಂದೆ ಸರಿದಳು. ಅದಕ್ಕಿಂತ ದೊಡ್ಡ ಎಡವಟ್ಟು ಆಮೇಲೆ ಆಯಿತು. ಒಂದು ದಿನ ಅದು ಕೂಗುತ್ತಾ ಕೂಗುತ್ತಾ ಕಣ್ಣಿನಿಂದ ನೀರು ಸುರಿಸಿತು. ನಮ್ಮವರು ಕಣ್ಣು ಒಡೆಯಿತೆಂದು ತಿಳಿದರು. ಸೋರುವ ತೊಗಲಚೀಲಕ್ಕೆ ಹಚ್ಚುವ ಅಂಟನ್ನು ಸೂಲಗಿತ್ತಿ ಕಣ್ಣಿಗೂ ಮೆತ್ತಿಬಿಟ್ಟಳು! ಕೂಸು ಇನ್ನೂ ಜೋರಾಗಿ ಕೂಗಿತು, ನೀರು ಇನ್ನೂ ಹೆಚ್ಚು ಬಂತು, ಇವಳು ಇನ್ನಷ್ಟು ಅಂಟು ತರಲು ಓಡಿದಳು. ನಾನು ಅವಳ ಕೈ ಹಿಡಿದು ನಿಲ್ಲಿಸದಿದ್ದರೆ ಕೂಸು ಕುರುಡಾಗುತ್ತಿತ್ತು. ಸಾವಕ್ಕ ನಾಲಿಗೆಯಿಂದ ನೆಕ್ಕಿ ನೆಕ್ಕಿ ಅಂಟು ಬಿಡಿಸಿದಳು.

ಈಗ ಅದಕ್ಕೆ ಹಲ್ಲು ಬರುತ್ತಿವೆ. ನಗುತ್ತದೆ. ನೆತ್ತಿಯ ಬೆವರಿಗೆ ಒಂದು ವಾಸನೆ ಇದೆ, ಅಂಥ ವಾಸನೆ ನಮ್ಮ ಯಾರ ಮೈಗೂ ಇಲ್ಲ. ಯಾರೂ ನೋಡದಾಗ ನಾನು ಮೂಸುತ್ತೇನೆ. ಮುಚ್ಚಿಡುವುದೇಕೆ, ನನಗೆ ಈ ಕೂಸೆಂದರೆ ಪ್ರಾಣ. ಆದರೆ ಮಗಳು ಸೋತುಹೋಗಿದ್ದಾಳೆ. ಹಗಲಿಡೀ ಗುಟುಕು ಕೊಟ್ಟು ಕೊಟ್ಟು ಅವಳ ಒಡಲಕೆರೆ ಎರಡೂ ಬದಿ ಜೋತುಬಿದ್ದಿದೆ. ಬಾವಿಯ ಪಕ್ಕದಲ್ಲಿದ್ದಾಗಲೇ ಹೀಗೆ, ದಾರಿಯಲ್ಲಿ ತಾಯಿ ಮಗು ಇಬ್ಬರೂ ಉಳಿಯುವುದಿಲ್ಲ. ಮೊನ್ನೆ ಅವಳು ಕೂಸಿನ ಕೆನ್ನೆ ಒರೆಸುತ್ತಾ ನನ್ನನ್ನು ಕೇಳಿದಳು:

“ಅವ್ವಾ, ಇದು ಅಳೂದು ನೋವಿಗೋ, ನನ್ನ ಕರಿಯಾಕೋ?”

ಇಷ್ಟು ವರ್ಷ ಬದುಕಿ, ಹೆತ್ತು, ಹೊತ್ತು, ಇಷ್ಟೂ ಗೊತ್ತಿಲ್ಲವಲ್ಲ ಎಂದು ನನ್ನ ಮೇಲೆಯೇ ಸಿಟ್ಟು ಬಂತು.

ಇಂಥ ಕೂಸುಗಳು ಹಿಂದೆಯೂ ಹುಟ್ಟಿದ್ದವಂತೆ. ಅವನ್ನು ಬಾವಿಕಟ್ಟೆಯ ಮೇಲೆ ಮಲಗಿಸಿ ದಂಡು ಮುಂದಕ್ಕೆ ಹೋಗುತ್ತಿತ್ತಂತೆ. ಕ್ರೂರಿಗಳು ಎನ್ನಬೇಡಿ. ನೀರು ಎಲ್ಲರದು, ಒಬ್ಬರಿಗಾಗಿ ಎಲ್ಲರ ಒಡಲಕೆರೆ ಇಳಿದ ಹೊತ್ತಿಗೆ ಕಾಳಗ ಬಂದರೆ ದಂಡಿಗೆ ದಂಡೇ ಹೋಗುತ್ತದೆ. ಸಭೆಯಲ್ಲಿ ಹಿರಿಯರು ಇದನ್ನೇ ಹೇಳಿದರು. ಅವರ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಸಭೆ ನಡೆಸುತ್ತಿದ್ದವನು ನಮ್ಮ ದಳವಾಯಿ ಹುಚ್ಚೀರಪ್ಪ. ಅವನಿಗೆ ಕವಣೆ ಬೀಸಲು ಕಲಿಸಿದವಳು ನಾನೇ, ಆದರೆ ಸಭೆಯಲ್ಲಿ ಅದೆಲ್ಲ ನಡೆಯುವುದಿಲ್ಲ. ತೀರ್ಪಿಗೆ ಮೊದಲು ಕೂಸನ್ನು ಎತ್ತಿ ಸೂರ್ಯನಿಗೆ ತೋರಿಸುವುದು ದಳವಾಯಿಯ ಕೆಲಸ. ಎತ್ತಿದ. ನಮ್ಮ ಕೂಸುಗಳಾದರೆ ಒಳರೆಪ್ಪೆ ಮುಚ್ಚಿಕೊಂಡು ಸುಮ್ಮನಿರುತ್ತವೆ. ಇದರ ಕಣ್ಣಿಗೆ ಬಿಸಿಲು ಚುಚ್ಚಿತು, ಅಳತೊಡಗಿತು, ನೀರು ಅವನ ಅಂಗೈಗೆ ತೊಟ್ಟಿಕ್ಕಿತು.

ನೀರು ಮೈಮೇಲೆ ಬಿದ್ದರೆ ಅದನ್ನು ಒಣಗಲು ಬಿಡುವ ಮಳಲಿಗ ಇಲ್ಲ. ಅವನು ಯೋಚಿಸದೆ ಅಂಗೈ ನೆಕ್ಕಿಬಿಟ್ಟ. ನೆಕ್ಕಿದ ಮೇಲೆ ಹೊಳೆಯಿತು, ಇದು ಗುಟುಕಾಯಿತಲ್ಲ ಎಂದು. ಸಭೆಯಲ್ಲಿ ಗದ್ದಲವೆದ್ದಿತು. ಅದು ಗಾಯದ ನೀರು ಎಂದರು ಕೆಲವರು. ಗುಟುಕು ಬಾಯಿಂದ ಬರಬೇಕು, ಅರಿತು ಕೊಡಬೇಕು, ಕೂಸಿಗೇನು ತಿಳಿಯುತ್ತದೆ ಎಂದರು ಇನ್ನು ಕೆಲವರು. ಅವನು ಎಲ್ಲರ ಮಾತು ಮುಗಿಯುವವರೆಗೆ ಕಾದ.

“ಕಣ್ಣಿಂದ ಕೊಟ್ಟರೇನು, ಬಾಯಿಂದ ಕೊಟ್ಟರೇನು? ನಾ ಕುಡದೇನಿ,” ಎಂದ. ಆಮೇಲೆ ನನ್ನ ಕಡೆ ತಿರುಗಿ, “ನಾ ಒಬ್ಬನ ಇದರ ನಂಟ, ಭರಮವ್ವಾ. ದಂಡಿನ ನೀರು ನಂದೊಬ್ಬಂದಲ್ಲ. ಇಂಥ ಕೂಸು ಹೆಂಗ ಬದುಕತಾವ ಅಂತ ಬಲ್ಲವರನ್ನ ಕೇಳು. ದಂಡು ಏಳೂದರೊಳಗ ಸಭಾದಾಗ ಬಂದು ಹೇಳು,” ಎಂದ.

ಬಲ್ಲವರು ಎಂದರೆ ನೀವೇ. ಅದಕ್ಕೇ ಈ ಕಾಗದ. ಕೇಳಬೇಕಾದ್ದು ರಾಶಿ ಇದೆ. ಒಂದು ದಿನಕ್ಕೆ ಎಷ್ಟು ನೀರು ಬೇಕು? ಅಂಗಾಲು ಯಾವಾಗ ಗಟ್ಟಿಯಾಗುತ್ತದೆ? ಇಡೀ ದಿನ ಬಿಸಿಲಿನಲ್ಲಿ ಹೊತ್ತುಕೊಂಡು ನಡೆಯುವಾಗ ತಲೆಗೆ ಏನು ಮುಚ್ಚುತ್ತಿದ್ದಿರಿ? ಅಳುವಾಗ ಏನು ಮಾಡುತ್ತಿದ್ದಿರಿ, ನಿಲ್ಲಿಸಬೇಕೋ, ಅತ್ತು ಮುಗಿಸಲು ಬಿಡಬೇಕೋ? ಅಳುವುದು ನೋವಿಗೋ, ಕರೆಯಲಿಕ್ಕೋ? ನಿಮಗೆ ಇವು ಕೇಳುವಂಥ ಪ್ರಶ್ನೆಗಳೇ ಅಲ್ಲ ಎಂದು ಗೊತ್ತು. ನಿಮ್ಮ ಯಾವ ತಾಯಿಯನ್ನು ನಿಲ್ಲಿಸಿ ಕೇಳಿದರೂ ರೊಟ್ಟಿ ಬಡಿಯುತ್ತಲೇ ಹೇಳುತ್ತಿದ್ದಳು.

ಆದರೆ ನಾನು ಹುಚ್ಚಿಯಲ್ಲ. ಬಾವಿಗೆ ಹಾಕಿದ ಕಾಗದಕ್ಕೆ ಉತ್ತರ ಮೇಲೆ ಬಂದದ್ದನ್ನು ಇದುವರೆಗೆ ಯಾರೂ ಕಂಡಿಲ್ಲ. ಬೆಳಿಗ್ಗೆ ಗಾಳಿ ತಿರುಗಿತು, ಬಾವಿಯಲ್ಲಿ ಕೆಸರು ಕಾಣುತ್ತಿದೆ, ದಂಡು ಏಳುವ ಹೊತ್ತು ಬಂತು, ನಾಳೆ ಸಭೆ. ಅಲ್ಲಿ ನಾನು ಎದ್ದು ನಿಂತು ಉತ್ತರ ಬಂದಿದೆ ಎಂದು ಹೇಳುತ್ತೇನೆ. ಸಭೆಯಲ್ಲಿ ಸುಳ್ಳಾಡಿದವರಿಗೆ ದಂಡಿನ ಬಾವಿಯಲ್ಲಿ ನೀರಿಲ್ಲ, ಅದು ನಮ್ಮ ಕಟ್ಟಳೆ. ಆಗಲಿ. ನನ್ನ ಒಡಲಕೆರೆ ಹೇಗೂ ಸುಕ್ಕುಗಟ್ಟಿದೆ.

ಏನು ಹೇಳಬೇಕೆಂದೂ ಯೋಚಿಸಿಟ್ಟಿದ್ದೇನೆ. ನೀರಿದ್ದ ಕಾಲದ ಹಿರಿಯರು ಹೀಗೆ ಹೇಳಿ ಕಳಿಸಿದ್ದಾರೆ, ಎನ್ನುತ್ತೇನೆ: ನಮ್ಮಲ್ಲಿ ಎಲ್ಲರೂ ಇಂಥವರೇ ಇದ್ದೆವು, ಎಲ್ಲರಿಗೂ ಬಾಯಾರುತ್ತಿತ್ತು. ಯಾರಿಗೆ ಹೆಚ್ಚು ಬಾಯಾರಿದೆಯೋ ಅವರಿಗೆ ಮೊದಲು ಕೊಟ್ಟು ಉಳಿದವರು ಆಮೇಲೆ ಕುಡಿಯುತ್ತಿದ್ದೆವು. ಕೂಸನ್ನು ಹೊರುವುದು ತಾಯಿಯೊಬ್ಬಳ ಕೆಲಸ ಎಂದು ಯಾರೂ ಅನ್ನುತ್ತಿರಲಿಲ್ಲ. ದಾರಿ ಎಷ್ಟೇ ದೂರವಿರಲಿ, ನಡೆಯಲಾರದವರನ್ನು ಬಿಟ್ಟು ನಾವು ಯಾವತ್ತೂ ಮುಂದೆ ಹೋದವರಲ್ಲ.

ನಿಮ್ಮನ್ನು ಕೇಳದೆ ನಿಮ್ಮ ಹೆಸರಿನಲ್ಲಿ ಇಷ್ಟು ಹೇಳುತ್ತಿದ್ದೇನೆ, ಕ್ಷಮಿಸಬೇಕು. ನಿಮ್ಮಲ್ಲಿ ನಿಜವಾಗಿ ಹಾಗೇ ಇದ್ದರೆ ಸಂತೋಷ, ನಾನು ಸುಳ್ಳು ಹೇಳಿದಂತಾಗಲಿಲ್ಲ. ಇಲ್ಲದಿದ್ದರೆ ನಿಮ್ಮ ಕಾಲಿಗೆ ಬೀಳುತ್ತೇನೆ, ಇನ್ನು ಮೇಲಾದರೂ ಹಾಗೆ ಇರಿ. ನನಗೆ ನಾಳೆಯವರೆಗೆ ಮಾತ್ರ ಹೊತ್ತಿದೆ. ನಿಮಗೆ ಇನ್ನೂ ನದಿ ಬತ್ತಿಲ್ಲ.

ನಿಮ್ಮವಳೇ ಆದ
ಭರಮವ್ವ