ನನ್ನ ಕೋಣೆಯ ಕಂಬ

ಎಂಟೂ ಮಹಡಿಗಳ ಮಹಾಜನರೇ, ಮೆಟ್ಟಿಲ ಬಳಿ ನಿಂತು ಇದನ್ನು ಓದುತ್ತಿರುವ ತಾಯಂದಿರೇ,

ಭೂಕಂಪವನ್ನು ಕಟ್ಟಡ ತಾಳಿಕೊಳ್ಳಬೇಕಾದರೆ ನೆಲಮಹಡಿಯ ನನ್ನ ಕೋಣೆ ಅಗೆದು ಕಂಬದ ಬುಡ ಬಲಪಡಿಸಬೇಕೆಂದು ಎಂಜಿನಿಯರಮ್ಮ ಅಂಗಳದ ಸಭೆಯಲ್ಲಿ ಹೇಳಿದರು. ಕೋಣೆ ಬಿಡಲು ಮನಸ್ಸಿಲ್ಲದ ನಾನು ಎದ್ದು, "ನಮ್ಮನ್ನು ಹೊತ್ತಿರೋದು ಭೂಮಿತಾಯಿ, ಈಯಮ್ಮನ ಸಿಮೆಂಟಲ್ಲ" ಎಂದು ಗುಡುಗಿದೆ. ನೀವು ಚಪ್ಪಾಳೆ ತಟ್ಟಿದಿರಿ. ಕೆಲಸ ನಿಂತಿತು.

ನಿನ್ನೆ ನೆಲ ನಡುಗಿದಾಗ ಎಲ್ಲರಿಗಿಂತ ಮೊದಲು ಬೀದಿಗೆ ಓಡಿದವನು ನಾನೇ. ಎಂಟನೇ ಮಹಡಿಯಲ್ಲಿ ಹಾಸಿಗೆ ಹಿಡಿದಿರುವ ನನ್ನಕ್ಕ ಒಬ್ಬಳೇ ಉಳಿದಳು. ಆಮೇಲೆ ಹತ್ತಿ ಹೋದರೆ, "ಬಂದ್ಯಾ? ಅವತ್ತು ನಿನ್ನ ಭಾಷಣ ಇಲ್ಲೀವರೆಗೂ ಕೇಳಿಸ್ತು ಕಣೋ. ನಾನೂ ಚಪ್ಪಾಳೆ ತಟ್ಟಿದ್ದೆ" ಎಂದಳು.

ದಯವಿಟ್ಟು ಮತ್ತೆ ಸಭೆ ಸೇರಿ ಒಪ್ಪಿಗೆ ಕೊಡಿ. ನನ್ನ ಬೀರು ಹೊರಗಿಡಲು ಇಬ್ಬರು ಬಂದರೆ ಸಾಕು. ನಾಳೆ ಬೆಳಿಗ್ಗೆ ಎಂಜಿನಿಯರಮ್ಮನ ಕೈಗೆ ಬೀಗದ ಕೈ ಕೊಟ್ಟು, ಅಕ್ಕನ ಹಾಸಿಗೆಯ ಪಕ್ಕ ನನ್ನ ಚಾಪೆ ಹಾಸುತ್ತೇನೆ.

ಇಂತಿ,
ನೆಲಮಹಡಿಯ ದೊಡ್ಡ ಗಂಟಲಿನವನು