ತಕ್ಕಡಿಯಲ್ಲಿ ನೀನೇ ಕೂರಬೇಕು

ಗುಲ್ವಾಡಿ
೧೮ ನವೆಂಬರ್ ೨೦೨೪

ನನ್ನ ನಿಶ್ಮಿತಾ,

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ನಿನ್ನೆ ಫೋನಿನಲ್ಲಿ ನೀನು ನಗುತ್ತಾ ಅಳುತ್ತಾ, ಲೇಖನ ಒಪ್ಪಿಗೆಯಾಯಿತು ಅಮ್ಮಾ ಎಂದೆ. ನಿನ್ನ ಅಪ್ಪಯ್ಯನನ್ನು ಕೂಗಿ ಕರೆಯುವುದರಲ್ಲೇ ನನಗೆ ಫೋನು ಮುಗಿಯಿತು. ಹೇಳಬೇಕಾದ್ದೆಲ್ಲ ಉಳಿದುಹೋಯಿತು, ಅದಕ್ಕೇ ಈ ಕಾಗದ.

ನಿನ್ನ ಅಪ್ಪಯ್ಯ ಇವತ್ತು ಕುಂದಾಪುರದ ಬಸ್ಸಿನಲ್ಲಿ ಕಂಡಕ್ಟರನಿಗೂ ಸುದ್ದಿ ಹೇಳಿದರಂತೆ. ಅವನು ಟಿಕೆಟ್ ಕೊಡುವುದನ್ನು ಬಿಟ್ಟು ಕೇಳಿದನಂತೆ. ನಾನು ಪಾಯಸಕ್ಕೆ ಹೆಸರುಬೇಳೆ ತರಲು ಸುಧಾಕರಣ್ಣನ ಅಂಗಡಿಗೆ ಹೋದೆ. ಮೂರು ವರ್ಷದಿಂದ ಅವರದ್ದು ಒಂದೇ ತಮಾಷೆ, ನಿನಗೆ ಗೊತ್ತಲ್ಲ. "ಹ್ವಾಯ್ ಸರಸಕ್ಕ, ನಿಮ್ ಹೆಣ್ಣ್ ನಕ್ಷತ್ರ ತೂಕ ಮಾಡತ್ತಂಬ್ರಲೆ, ತಕ್ಕಡಿ ಎಲ್ಲಿಂದ ತಂದದ್ದ್?" ಎಂದರು. ನಾನೂ ಬಿಡಲಿಲ್ಲ. "ನಿಮ್ ಅಂಗಡಿಯಿಂದ ಅಲ್ಲ, ಅದ್ಕೇ ಲೆಕ್ಕ ಸಮಾ ಬಂತ್" ಎಂದೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ಕೊನೆಗೆ ಅವರೂ ನಕ್ಕು ಬೇಳೆಯ ಮೇಲೆ ಒಂದು ಮುಷ್ಟಿ ಹೆಚ್ಚೇ ಹಾಕಿದರು.

ಆಮೇಲೆ ಅವರಿಗೆ ನಾನೇ ಬಿಡಿಸಿ ಹೇಳಿದೆ. ಸೂರ್ಯನ ಹತ್ತಿಪ್ಪತ್ತು ಪಟ್ಟು ಭಾರವಿರುವ ನಕ್ಷತ್ರಗಳು ಮುದಿಯಾದಾಗ ಕೆಂಪಗೆ ಊದಿಕೊಂಡು, ಮೈಯ ಹೊರಗಿನದನ್ನು ಗಾಳಿಯಂತೆ, ಧೂಳಿನಂತೆ ಬಿಡುತ್ತಾ ಹೋಗುತ್ತವೆ. ಹಿಂದಿನವರು ಹೇಳಿದ್ದರ ಹತ್ತರಲ್ಲಿ ಒಂದು ಪಾಲನ್ನಷ್ಟೇ ಅವು ಬಿಡುವುದು, ಸಾಯುವಾಗಲೂ ಭಾರವಾಗಿಯೇ ಇರುತ್ತವೆ ಎಂದು ನಮ್ಮ ಹುಡುಗಿಯ ತಂಡ ಕಂಡುಹಿಡಿದದ್ದು ಎಂದೆ. ಸರಿಯಾಗಿ ಹೇಳಿದೆನಾ?

ಧೂಳು ಅಳೆದದ್ದೇ ತಪ್ಪು ಎಂದು ಎರಡು ಸಲ ಲೇಖನ ವಾಪಸು ಕಳಿಸಿದರಲ್ಲ, ಆ ಪತ್ರಿಕೆಯ ಪರೀಕ್ಷಕರೇ ಈಗ ಹಳೆಯ ಲೆಕ್ಕ ತಿದ್ದಬೇಕು ಎಂದು ಬರೆದರಂತಲ್ಲ! ಬೇರೆ ದೇಶದವರು ಬೇರೆ ದಾರಿಯಲ್ಲಿ ಅಳೆದರೂ ನಿಮ್ಮ ಉತ್ತರವೇ ಬಂತು ಎಂದು ಕೇಳಿದಾಗ ನನಗೆ ಕೂತಲ್ಲಿ ಕೂರಲಾಗಲಿಲ್ಲ. ನಿನ್ನ ಜೊತೆ ಎಲ್ಲವನ್ನೂ ಮತ್ತೆ ಮೊದಲಿನಿಂದ ಅಳೆದ ಆ ಕೀರ್ತನ್ ಹುಡುಗನಿಗೂ ನನ್ನ ಆಶೀರ್ವಾದ ಹೇಳು.

ಈಗ ಒಂದು ವಿಷಯ, ಸಿಟ್ಟು ಮಾಡಬೇಡ. ನಿನ್ನ ಕೆಲಸ ಗೆದ್ದರೆ ಬೆಲ್ಲದಲ್ಲಿ ತುಲಾಭಾರ ಮಾಡಿಸುತ್ತೇನೆ ಎಂದು ಹರಕೆ ಹೇಳಿಕೊಂಡಿದ್ದೆ. ನಿನಗೆ ಬಿಡುವಿಲ್ಲವಲ್ಲ, ನಾನೇ ತಕ್ಕಡಿಯಲ್ಲಿ ಕೂರಬಹುದಾ ಎಂದು ಭಟ್ಟರನ್ನು ಕೇಳಿದೆ. "ಮಗ್ಳ್ ಹರ್ಕಿಗೆ ಅಬ್ಬಿ ಕೂಕಂಬುಕಾತ್ತಾ ಸರಸಮ್ಮ? ಅವ್ಳೇ ಬರ್ಕ್" ಎಂದುಬಿಟ್ಟರು. ಅಮ್ಮ ಕೂತರೆ ನಡೆಯದು, ನೀನೇ ಬರಬೇಕಂತೆ.

ನಿನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ, ಗೊತ್ತು. ನನಗಾಗಿ ಒಂದು ದಿನ ಬಾ. ಬರುವ ಮೊದಲು ಹೊಟ್ಟೆ ತುಂಬ ಊಟ ಮಾಡು. ಇಲ್ಲಿಂದ ಹೋಗುವಾಗ ಐವತ್ತೆಂಟು ಕಿಲೋ ಇದ್ದವಳು, ನಕ್ಷತ್ರ ಅಷ್ಟೆಲ್ಲ ಸೊರಗುವುದಿಲ್ಲ ಎಂದು ತೋರಿಸುವಷ್ಟರಲ್ಲಿ ನೀನೇ ಅರ್ಧ ಆಗಿದ್ದೀ. ಬೆಲ್ಲ ಕಡಿಮೆಯಾದರೆ ದೇವರಿಗೆ ಮೋಸ ಮಾಡಿದಂತೆ.

ನಿನ್ನನ್ನು ಹೆತ್ತದ್ದಕ್ಕೆ ಇವತ್ತು ತಲೆಯೆತ್ತಿ ನಡೆದ
ಅಮ್ಮ,
ಸರಸ

ಮರೆತದ್ದಲ್ಲ, ಬರೆಯಲು ಹೆದರಿದ್ದು: ಎರಡನೇ ಸಲ ವಾಪಸು ಬಂದಾಗ ನೀನು, ಇನ್ನೊಮ್ಮೆ ಹೀಗಾದರೆ ಎಲ್ಲ ಬಿಟ್ಟು ಊರಿಗೆ ಬರುತ್ತೇನೆ ಎಂದಿದ್ದೆ. ಧೈರ್ಯ ಬಿಡಬೇಡ ಮಗಾ ಎಂದು ಹೇಳಿ ಫೋನ್ ಇಟ್ಟು, ನಾನು ನೇರ ದೇವಸ್ಥಾನಕ್ಕೆ ಹೋದೆ. ಲೇಖನ ಒಪ್ಪಿಗೆಯಾಗದಿರಲಿ, ನನ್ನ ಮಗಳು ಮನೆಗೆ ಬರಲಿ ಎಂದು ಬೇಡಿಕೊಂಡೆ. ಚೌತಿಗೆ ಬಂದ ನೀನು ಅಕ್ಕಿಹಿಟ್ಟಿನ ಮೇಲೆ ಬೆರಳಿನಿಂದ ನಕ್ಷತ್ರ ಬರೆದು ನನಗೆ ವಿವರಿಸುವಾಗ ಅರಳಿದ ನಿನ್ನ ಮುಖ ನೋಡಿದೆ. ಮಾರನೆಯ ದಿನವೇ ಹೋಗಿ ತಪ್ಪುಕಾಣಿಕೆ ಹಾಕಿ, ಕೈಮುಗಿದು, ಮೊದಲು ಕೇಳಿದ್ದನ್ನು ಕೊಡಬೇಡ ದೇವರೇ ಎಂದೆ. ತುಲಾಭಾರ ಹೇಳಿಕೊಂಡದ್ದು ಆವತ್ತೇ. ಇದು ನಿನ್ನ ಅಪ್ಪಯ್ಯನಿಗೂ ಗೊತ್ತಿಲ್ಲ. ಬೈಯುವುದಿದ್ದರೆ ಫೋನಿನಲ್ಲಿ ಬೇಡ, ಮನೆಗೆ ಬಂದು ಎದುರಿಗೆ ಕೂತು ಬೈ.