ಗಟ್ಟಿ ಹಾಲು

೯ ನವೆಂಬರ್ ೨೦೨೫, ಭಾನುವಾರ

ಮಗಳು ಇವತ್ತೂ ತಿಣುಕಿ ತಿಣುಕಿ ಅತ್ತಳು. ಹೊಟ್ಟೆ ಕಲ್ಲಾಗಿದೆ, ನಾಲ್ಕು ದಿನದಿಂದ ಕಕ್ಕ ಮಾಡಿಲ್ಲ. ಡಬ್ಬಿ ಹಾಲೇ ಒಗ್ಗುತ್ತಿಲ್ಲ ಅಂತ ಎರಡು ತಿಂಗಳಲ್ಲಿ ಮೂರು ಬಗೆಯ ಪುಡಿ ಬದಲಿಸಿದೆ, ದಡ್ಡಿ ನಾನು.

ಸಂಜೆ ಅತ್ತೆ ಹಾಲು ಕಲಸುವುದನ್ನು ಮೊದಲ ಸಲ ಹತ್ತಿರದಿಂದ ನೋಡಿದೆ. ನಾಲ್ಕು ಚಮಚ ಪುಡಿ ಹಾಕಬೇಕಾದ ನೀರಿಗೆ ಐದು, ಅದೂ ಗೋಪುರದ ಹಾಗೆ ತುಂಬಿ. ಹೊಟ್ಟೆ ಕಟ್ಟಿದ್ದು ಇದಕ್ಕೇ.

"ಅತ್ತೆ, ಅಳತೆ ಮೀರಬಾರ್ದಂತ್ರಿ, ಡಾಕ್ಟ್ರು ಹೇಳ್ಯಾರೆ."

"ನೀರು ಹಾಲು ಕುಡಿದ್ರೆ ಕೂಸು ಹೆಂಗವ್ವ ಮೈ ಹಿಡಿತೈತೆ? ನಮ್ಮನ್ಯಾಗೇನು ಹಾಲಿಗೆ ಬರ ಬಂದೈತಾ?"

ಮಗಳ ಹಣೆಗೆ ಮುತ್ತಿಟ್ಟು ಬಾಟಲಿ ಹಿಡಿದರು.

ಅಳತೆ ಬರೆದು ಡಬ್ಬಿಗೆ ಚೀಟಿ ಅಂಟಿಸಿದೆ. ಈಗ ನೀರು ಕುಡಿಯಲು ಅಡುಗೆಮನೆಗೆ ಹೋದರೆ ಡಬ್ಬಿಯ ಮೇಲೆ ಚೀಟಿ ಇಲ್ಲ. ಆ ಜಾಗದಲ್ಲಿ ಮೂರು ಬೆರಳಿನ ವಿಭೂತಿ, ಮೊಮ್ಮಗಳಿಗೆ ಒಳ್ಳೆಯದಾಗಲಿ ಅಂತ.

ಹೆರಿಗೆ ರಜೆ ಮುಗಿಯಿತು. ನಾಳೆ ಎಂಟಕ್ಕೆ ಹರಿಹರದ ಬ್ಯಾಂಕಿಗೆ ಬಸ್ಸು ಹತ್ತಬೇಕು.